"ಚುನಾವಣೆ ಮುಗಿಯೋ ತನಕ ಸುಮ್ಮನಿರು" ಅಂದ್ರು. ಮಗುವಿನ ವಿಷಯದಲ್ಲೂ ಪಕ್ಷನಿಷ್ಠೆನಾ?

ಬ್ಯಾನರ್_ಕಟ್ಟೋನು:
ಹೆಸರೇ ಹೇಳೋ ಹಾಗೆ ನಾನು ಪಕ್ಷದಲ್ಲಿ ಬ್ಯಾನರ್ ಕಟ್ಟೋ ಮಟ್ಟದವನು. 11 ವರ್ಷ ಆಯ್ತು. ಹುದ್ದೆಗೆ ಅಂತ ಬಂದವನಲ್ಲ. ಯಾವ ಪಕ್ಷ, ಎಲ್ಲಿ ಅಂತ ಕೇಳಬೇಡಿ. ಹೇಳಿದ್ರೆ ಚರ್ಚೆ ಎತ್ತ ಹೋಗುತ್ತೆ ಅಂತ ನಿಮಗೂ ಗೊತ್ತು.

ನಮ್ಮ ಘಟಕದಿಂದ ವಾರದ ಕೊನೆಗೆ ಬಡಮಕ್ಕಳಿಗೆ ಪುಕ್ಕಟೆ ಪಾಠ ನಡೆಯುತ್ತೆ. ನಡೆಸೋರು ಒಬ್ಬರು ಹಿರಿಯರು, ಎಲ್ರಿಗೂ "ಅಣ್ಣ". ಜೈಲಿಗೆ ಹೋಗಿ ಬಂದವರು, ಲಾಠಿ ಏಟು ತಿಂದವರು, ನನಗೆ ಮೈಕ್ ಹಿಡಿಯೋದು ಕಲಿಸಿದವರು. ಎರಡು ತಿಂಗಳ ಹಿಂದೆ ಒಬ್ಬ ತಾಯಿ ನನ್ನ ಹತ್ರ ಬಂದ್ರು. ಅವರ 13 ವರ್ಷದ ಮಗಳಿಗೆ ಅಣ್ಣ ಮೊಬೈಲ್ ಕೊಡಿಸಿದ್ದಾರೆ, ರಾತ್ರಿ ಹನ್ನೊಂದಕ್ಕೆಲ್ಲ ಮೆಸೇಜ್ ಬರುತ್ತೆ, ಮನೆಗೆ ಬಿಡೋ ನೆಪದಲ್ಲಿ ಒಬ್ಬಳನ್ನೇ ಕಾರಲ್ಲಿ ಕೂರಿಸ್ಕೊಂಡು ಹೋಗ್ತಾರೆ. "ಮಗಳು ಈಗೀಗ ಮಾತೇ ಆಡಲ್ಲ" ಅಂದ್ರು. ಅಷ್ಟೇ ಹೇಳಿದ್ದು.

ಅಧ್ಯಕ್ಷರಿಗೆ ತಿಳಿಸಿದೆ. "ಈಗ ಬೇಡಪ್ಪಾ, ಚುನಾವಣೆ ಮುಗೀಲಿ, ಒಳಗೊಳಗೇ ಕೂತು ಮಾತಾಡೋಣ. ಎದುರಿನವರಿಗೆ ನಾವೇ ಕೈಯಾರೆ ಅಸ್ತ್ರ ಕೊಡೋದಾ?" ಅಂದ್ರು.

ನನಗೆ ನಾಚಿಕೆ ಆಗೋದು ಇದಕ್ಕೆ: ಆ ಮಾತು ನನಗೆ ಸರಿ ಅನ್ನಿಸ್ತು. ಹತ್ತು ದಿನ ಸುಮ್ಮನಿದ್ದೆ. ಆಮೇಲೆ ನಿದ್ದೆ ಹೋಯ್ತು. ಈಗ ಕೇಳ್ತಿದ್ದೀನಿ, ಹೊರಗೆ ಹೋಗಿ ದೂರು ಕೊಟ್ರೆ ದ್ರೋಹನಾ? ಬುದ್ಧಿ ಇರೋ ಜನರೆಲ್ಲ ಇಂಥ ವಿಷಯದಲ್ಲಿ ಹೀಗ್ಯಾಕೆ ಆಡ್ತಾರೆ?

ಕೋಟು_ಬಿಚ್ಚಿಟ್ಟ_ವಕೀಲೆ:
ಎರಡನೇ ಪ್ರಶ್ನೆ ಆಮೇಲೆ. ಮೊದಲು ದೂರು ಕೊಟ್ರಾ ಇಲ್ವಾ?

ನೀವು ಯಾವ ದೇಶದಲ್ಲಿದ್ದೀರೋ ಗೊತ್ತಿಲ್ಲ, ಹೇಳೋದೂ ಬೇಡ. ಭಾರತದಲ್ಲಾದರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ನಿಮಗೆ ಆಯ್ಕೆಯನ್ನೇ ಕೊಟ್ಟಿಲ್ಲ. ಅಪರಾಧ ನಡೆದಿದೆ ಅಂತ ಗೊತ್ತಿದ್ದರೆ, ನಡೆಯಬಹುದು ಅನ್ನೋ ಆತಂಕ ಇದ್ದರೂ ಸಹ, ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು. ಸಂಸ್ಥೆಯ ಮುಖ್ಯಸ್ಥ ತನ್ನ ಕೈಕೆಳಗಿನವನ ವಿಷಯ ಮುಚ್ಚಿಟ್ಟರೆ 1 ವರ್ಷದವರೆಗೆ. ನಿಮ್ಮ ಅಧ್ಯಕ್ಷರು "ಒಳಗೊಳಗೇ" ಅಂದ್ರಲ್ಲ, ಆ ಶಬ್ದ ಕಾನೂನಿನಲ್ಲಿಲ್ಲ.

ಇನ್ನೊಂದು. ನೀವೇ ಪತ್ತೇದಾರಿ ಮಾಡಬೇಡಿ. ಮಗುವನ್ನ ಕೂರಿಸಿ ಪ್ರಶ್ನೆ ಕೇಳಬೇಡಿ, ಅಣ್ಣನ ಹತ್ರ ಹೋಗಿ "ಹಿಂಗಂತೆ ಹೌದಾ" ಅನ್ನಬೇಡಿ. ಸಾಕ್ಷಿ ಕೆಡುತ್ತೆ, ಆ ಫೋನೂ ಮಾಯ ಆಗುತ್ತೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ್ರೂ ಆಗುತ್ತೆ. ಒಳ್ಳೇ ನಂಬಿಕೆಯಿಂದ ಮಾಹಿತಿ ಕೊಟ್ಟವನಿಗೆ ರಕ್ಷಣೆ ಅದೇ 19ನೇ ಸೆಕ್ಷನ್ನಲ್ಲಿದೆ.

ಸುಮ್ನೆ_ಓದುವವ:
ಮೊಬೈಲ್ ಕೊಡಿಸೋದು, ರಾತ್ರಿ ಮೆಸೇಜು, ಒಬ್ಬಳನ್ನೇ ಕಾರಲ್ಲಿ... ಓದಿದ್ರೇ ಹೊಟ್ಟೆ ತೊಳೆಸುತ್ತೆ.

ಕಡ್ಡಿ_ಗೀರೋನು:
ಯಾವ ಪಕ್ಷ ಅಂತ ಹೇಳಬೇಕಾ? "ಪುಕ್ಕಟೆ ಪಾಠ", "ಜೈಲಿಗೆ ಹೋಗಿ ಬಂದವರು" ಅಂದ್ರೆ ಯಾರಿಗೆ ಗೊತ್ತಾಗಲ್ಲ 😂

ನೇರಾನೇರ:
@ಕಡ್ಡಿ_ಗೀರೋನು ನಿಮ್ಮವರು ಜೈಲಿಗೆ ಹೋಗಿದ್ದು ಯಾವ ಕೇಸಲ್ಲಿ ಅಂತ ತೆಗೆಯಲಾ? ಪಟ್ಟಿ ಇದೆ.

ಕಡ್ಡಿ_ಗೀರೋನು:
ತೆಗೀರಿ. ನಮ್ಮ ಹತ್ರ ಅದಕ್ಕಿಂತ ಉದ್ದದ ಪಟ್ಟಿ ಇದೆ.

ರಾತ್ರಿಪಾಳಿ:
ಭೇಷ್. ಮೂರೇ ಕಾಮೆಂಟಿಗೆ ಮಗು ಮಾಯ.

ಮಾಡರೇಟರ್:
ಪಕ್ಷ ಊಹಿಸುವ ಕಾಮೆಂಟುಗಳನ್ನು ಇನ್ನು ಮುಂದೆ ಅಳಿಸಲಾಗುವುದು. ಮಗುವಿನ, ತಾಯಿಯ ಗುರುತು ಸಿಗುವಂಥ ಸುಳಿವು ಕೊಟ್ಟರೆ ಖಾತೆಯೇ ಬಂದ್. ಮೇಲಿನ ಮೂರನ್ನು ಬೇಕೆಂದೇ ಬಿಟ್ಟಿದ್ದೇನೆ. ಮೂಲ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರ ನನಗೆ ತೋಚಲಿಲ್ಲ.

ನಿವೃತ್ತ_ಮೇಷ್ಟ್ರು:
ಬುದ್ಧಿವಂತರೂ ಹೀಗೇಕೆ ಆಡುತ್ತಾರೆ ಎಂದು ಕೇಳಿದ್ದೀರಿ. ಲಂಡನ್ನಿನ ಇಸ್ಲಿಂಗ್ಟನ್ ಕೌನ್ಸಿಲಿನ ಕಥೆ ಹೇಳುತ್ತೇನೆ. ಪ್ರಗತಿಪರ ಆಡಳಿತ ಎಂದು ಹೆಸರಾಗಿದ್ದ ಕೌನ್ಸಿಲ್ ಅದು. ಅದರ ಮಕ್ಕಳ ನಿಲಯಗಳಲ್ಲಿ ಲೈಂಗಿಕ ದೌರ್ಜನ್ಯ ನಡೆಯುತ್ತಿದೆ ಎಂದು 1992ರಲ್ಲಿ ಒಂದು ಪತ್ರಿಕೆ ಬರೆಯಿತು. ಆಗ ಕೌನ್ಸಿಲಿನ ನಾಯಕಿಯಾಗಿದ್ದ ಮಾರ್ಗರೆಟ್ ಹಾಡ್ಜ್ ಅದನ್ನು ಕೊಳಕು ಪತ್ರಿಕೋದ್ಯಮ ಎಂದು ತಳ್ಳಿಹಾಕಿದರು. ಬರೆದದ್ದು ವಿರೋಧಿ ಪಾಳಯದ ಪತ್ರಿಕೆ, ಆದ್ದರಿಂದ ಸುಳ್ಳೇ ಇರಬೇಕು ಎಂಬ ಲೆಕ್ಕ. 1995ರ ವೈಟ್ ತನಿಖಾ ವರದಿ ಪತ್ರಿಕೆ ಬರೆದದ್ದು ಬಹುಪಾಲು ನಿಜವೆಂದಿತು. ಸಮಾನತೆಯ ನೀತಿಗೆ ವಿರುದ್ಧ ಎನಿಸಿಕೊಳ್ಳುವ ಅಂಜಿಕೆಯಿಂದ ಕೆಲವು ಸಿಬ್ಬಂದಿಯ ಮೇಲಿನ ದೂರುಗಳನ್ನು ಸರಿಯಾಗಿ ವಿಚಾರಿಸಲೇ ಇಲ್ಲ ಎಂದೂ ಹೇಳಿತು.

ಇಲ್ಲಿಗೆ ಮುಗಿಯಲಿಲ್ಲ. 2003ರಲ್ಲಿ ಅದೇ ಹಾಡ್ಜ್ ಮಕ್ಕಳ ಖಾತೆಯ ಸಚಿವೆಯಾದರು. ಆ ನಿಲಯದಲ್ಲಿ ಬಾಲ್ಯ ಕಳೆದು ದೌರ್ಜನ್ಯಕ್ಕೆ ಒಳಗಾಗಿದ್ದ ಒಬ್ಬರು ದನಿ ಎತ್ತಿದಾಗ, ಆತ ತೀರಾ ಮನಸ್ಸು ಕೆಟ್ಟ ವ್ಯಕ್ತಿ ಎಂಬರ್ಥದ ಪತ್ರವನ್ನು ಬಿಬಿಸಿಗೆ ಬರೆದರು. ಆಮೇಲೆ ಕ್ಷಮೆ ಕೇಳಬೇಕಾಯಿತು. ಹನ್ನೊಂದು ವರ್ಷ ಕಳೆದ ಮೇಲೂ ದೂರು ಕೊಟ್ಟವನೇ ಶತ್ರುವಿನಂತೆ ಕಂಡ. ಇದು ನನಗೆ ಅತಿ ಹೆಚ್ಚು ಕಾಡಿದ ಭಾಗ.

ನೇರಾನೇರ:
ಮೇಷ್ಟ್ರೇ, ಇಂಗ್ಲೆಂಡಿನದೇ ರಾದರ್‌ಹ್ಯಾಮ್ ಬಿಟ್ರಲ್ಲ. ಅದೂ ಲೇಬರ್ ಪಕ್ಷದ ಕೌನ್ಸಿಲ್ಲೇ. 1997ರಿಂದ 2013ರ ನಡುವೆ ಕಡಿಮೆ ಅಂದ್ರೂ 1400 ಮಕ್ಕಳ ಲೈಂಗಿಕ ಶೋಷಣೆ. ಅಲೆಕ್ಸಿಸ್ ಜೇ ವರದಿ, 2014.

ತೆಂಕಣಗಾಳಿ:
@ನೇರಾನೇರ ಅದನ್ನ ಪಕ್ಷನಿಷ್ಠೆ ಅಂತ ಹೇಳೋಕಾಗುತ್ತಾ? ಆರೋಪಿಗಳ ಜನಾಂಗದ ವಿಷಯ ಎತ್ತಿದ್ರೆ ಜನಾಂಗದ್ವೇಷಿ ಅಂತಾರೆ ಅನ್ನೋ ಭಯ ಅಲ್ವಾ ಅಲ್ಲಿದ್ದದ್ದು?

ನೇರಾನೇರ:
ಎರಡೂ ಇತ್ತು. 2002, 2003, 2006ರಲ್ಲೇ ಮೂರು ವರದಿ ಬಂದಿದ್ವು, ಅಧಿಕಾರಿಗಳ ಕೈಯಲ್ಲೇ ಇದ್ವು. ಯಾರೂ ಕದಲಲಿಲ್ಲ. 2005ರಿಂದ 2010ರವರೆಗೆ ಅಲ್ಲಿ ಮಕ್ಕಳ ಸೇವೆಯ ಹೊಣೆ ಹೊತ್ತಿದ್ದ ಶಾನ್ ರೈಟ್ ಆಮೇಲೆ ಅದೇ ಪಕ್ಷದ ಟಿಕೆಟ್ಟಲ್ಲಿ ಗೆದ್ದು ಇಡೀ ಸೌತ್ ಯಾರ್ಕ್‌ಷೈರಿನ ಪೊಲೀಸ್ ಕಮಿಷನರ್ ಆದ್ರು (ಆಗ ಅಲ್ಲಿ ಅದು ಚುನಾಯಿತ ಹುದ್ದೆ)! ವರದಿ ಬಂದ ಮೇಲೆ ಪಕ್ಷವೇ ಹೋಗು ಅಂದ್ರೂ ಪಕ್ಷ ಬಿಟ್ರೇ ಹೊರತು ಕುರ್ಚಿ ಬಿಡಲಿಲ್ಲ. ಕೊನೆಗೆ ಸೆಪ್ಟೆಂಬರಿನಲ್ಲಿ ರಾಜೀನಾಮೆ.

ಕಡ್ಡಿ_ಗೀರೋನು:
ನೋಡಿದ್ರಾ, ಎಡಪಂಥ ಅಂದ್ರೆ ಇಷ್ಟೇ.

ಹಳೇ_ಟೈಪಿಸ್ಟ್:
@ಕಡ್ಡಿ_ಗೀರೋನು ಸ್ವಲ್ಪ ತಡೀರಿ. ಇನ್ನೊಂದು ಕಡೆ ಕೇಳಿ. 1970ರ ದಶಕದ ಮೊದಲಲ್ಲಿ ಕನ್ಸರ್ವೇಟಿವ್ ಪಕ್ಷದ ಸಚೇತಕರಾಗಿದ್ದ (ಸಂಸದರನ್ನ ಪಕ್ಷದ ಸಾಲಿನಲ್ಲಿಡೋ ಕೆಲಸ) ಟಿಮ್ ಫೋರ್ಟೆಸ್ಕ್ಯೂ 1995ರಲ್ಲಿ ಬಿಬಿಸಿ ಕ್ಯಾಮೆರಾ ಮುಂದೆ ಕೂತು ಹೇಳಿದ್ರು. ಸಂಸದ ಕಷ್ಟದಲ್ಲಿ ಸಿಕ್ಕಿಬಿದ್ದು ನಿಜ ಹೇಳ್ಕೊಂಡು ಬಂದ್ರೆ ಸಚೇತಕರು ಅವನನ್ನ ಪಾರು ಮಾಡ್ತಿದ್ರಂತೆ. ಸಾಲ ಇರಬಹುದು, ಸಣ್ಣ ಹುಡುಗರ ಜೊತೆಗಿನ ಹಗರಣವೇ ಇರಬಹುದು. ಯಾಕೆ? ಒಮ್ಮೆ ಪಾರು ಮಾಡಿದ್ರೆ ಅವನು ಜೀವನಪೂರ್ತಿ ಹೇಳಿದ ಕಡೆ ಕೈ ಎತ್ತುತ್ತಾನೆ. ಇದನ್ನ ನಾಚಿಕೆ ಇಲ್ಲದೆ, ಒಂದು ವ್ಯವಹಾರದ ಗುಟ್ಟು ಬಿಟ್ಟುಕೊಟ್ಟ ಹಾಗೆ ಹೇಳಿದ್ರು.

ನಾವು ನಿಷ್ಠೆಯಿಂದ ಮುಚ್ಚಿಹಾಕ್ತಾರೆ ಅಂದ್ಕೊಂಡಿದ್ದೀವಿ. ಆ ಮನುಷ್ಯ ಹೇಳಿದ್ದು ತಿರುಗಾಮುರುಗಾ: ಮುಚ್ಚಿಹಾಕೋದ್ರಿಂದಲೇ ನಿಷ್ಠೆ ಹುಟ್ಟುತ್ತೆ.

ಬ್ಯಾನರ್_ಕಟ್ಟೋನು:
@ಹಳೇ_ಟೈಪಿಸ್ಟ್ ಇದನ್ನ ಮೂರು ಸಲ ಓದಿದೆ. ನಮ್ಮ ಅಧ್ಯಕ್ಷರು ಅಣ್ಣನಿಗೆ ಈ ವಿಷಯ ಹೇಳಿರ್ತಾರೆ, ಅಲ್ವಾ? "ನಾನು ನೋಡ್ಕೋತೀನಿ ಬಿಡಿ" ಅಂತ.

ಹಳೇ_ಟೈಪಿಸ್ಟ್:
ಹೇಳಿರಬಹುದು. ಅದಕ್ಕೇ ವಕೀಲಮ್ಮ ಆತುರ ಮಾಡ್ತಿರೋದು.

ಕೋಟು_ಬಿಚ್ಚಿಟ್ಟ_ವಕೀಲೆ:
ಹೌದು. ದಯವಿಟ್ಟು ಚರ್ಚೆ ಆಮೇಲೆ ಓದಿ. ಈಗ ಎದ್ದು ಹೋಗಿ.

ಬ್ಯಾನರ್_ಕಟ್ಟೋನು:
ಹೊರಟೆ. ಆ ತಾಯಿಗೂ ಫೋನ್ ಮಾಡಿದೆ, ಅವರೂ ಬರ್ತಾರೆ.

ಎಮ್ಮಿ_ಕಾಯಾವ:
ಹೋಗಿ ಬಾ ತಮ್ಮಾ. ಹೆದರಬ್ಯಾಡ.

ಮಧ್ಯಾಹ್ನದ_ಚಂದ್ರ:
ಬ್ರಿಟನ್ ವಿಷಯ ಬಂದಿದ್ದಕ್ಕೆ ಲಿಬರಲ್ ಪಕ್ಷದ್ದೂ ಸೇರಿಸಿಬಿಡ್ತೀನಿ, ಯಾರಿಗೂ ಬೇಜಾರಾಗೋದು ಬೇಡ 😏 ಸಿರಿಲ್ ಸ್ಮಿತ್ ಅಂತ, 1972ರಿಂದ 1992ರವರೆಗೆ ರಾಚ್‌ಡೇಲ್ ಸಂಸದ. ಭಾರೀ ದೇಹ, ಜನಪ್ರಿಯ ಮನುಷ್ಯ. ಹುಡುಗರ ಹಾಸ್ಟೆಲೊಂದರಲ್ಲಿ ದೌರ್ಜನ್ಯ ಮಾಡಿದ ದೂರು ಅವನ ಮೇಲೆ ಮೊದಲಿಂದಲೂ ಇತ್ತು. ಪಕ್ಷದ ನಾಯಕ ಡೇವಿಡ್ ಸ್ಟೀಲ್ 1979ರಲ್ಲಿ ಅವನನ್ನೇ ಕೇಳಿದ್ರು. ಉತ್ತರ ಕೇಳಿ, ಇದು ನಿಜ ಇರಬೇಕು ಅಂತಲೇ ಅಂದ್ಕೊಂಡ್ರಂತೆ. ಆದರೂ ಅದು ಅವನು ನಮ್ಮ ಪಕ್ಷಕ್ಕೆ ಬರೋ ಮುಂಚಿನ ಮಾತು, ನಮಗ್ಯಾಕೆ ಅಂತ ಕೈಬಿಟ್ರು. 1988ರಲ್ಲಿ ಅವನಿಗೆ ಸರ್ ಪದವಿನೂ ಬಂತು. 2010ರಲ್ಲಿ ಸತ್ತ. ಅವನ ಮೇಲೆ ಕೇಸು ನಡೆಸಬೇಕಿತ್ತು ಅಂತ ಸರ್ಕಾರಿ ವಕೀಲರ ಕಚೇರಿ ಒಪ್ಪಿದ್ದು 2012ರಲ್ಲಿ. 2019ರಲ್ಲಿ ಸ್ಟೀಲ್ ಇದನ್ನೆಲ್ಲ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಸ್ವತಂತ್ರ ವಿಚಾರಣಾ ಆಯೋಗದ ಮುಂದೆ ಸಾವಧಾನವಾಗಿ ಹೇಳಿದ್ರು. 2020ರ ಫೆಬ್ರವರಿಯಲ್ಲಿ ವರದಿ ಬಂದ ದಿನ ಪಕ್ಷ ಬಿಟ್ರು.

"ಪಕ್ಷಕ್ಕೆ ಬರೋ ಮುಂಚಿನ ಮಾತು." ಮಗು ಯಾವ ತಾರೀಖಿನಲ್ಲಿ ನೊಂದಿತು ಅನ್ನೋದನ್ನ ಸದಸ್ಯತ್ವದ ರಸೀದಿ ಇಟ್ಕೊಂಡು ಲೆಕ್ಕ ಹಾಕೋರಿಗೆ ಏನ್ ಹೇಳೋದು.

ಎರಡು_ಕಡೆ_ನೋಡಿ:
ಎಲ್ರೂ ಒಂದೇ ದಿಕ್ಕಿಗೆ ಓಡ್ತಿದ್ದೀರಿ, ನಾನು ಎದುರು ಬರ್ತೀನಿ, ಬೈಯಿರಿ ಪರವಾಗಿಲ್ಲ.

ಅದೇ ಬ್ರಿಟನ್ನಿನಲ್ಲಿ 2014ರಲ್ಲಿ ಕಾರ್ಲ್ ಬೀಚ್ ಅನ್ನೋನು ಬಂದ. ದೊಡ್ಡ ದೊಡ್ಡ ರಾಜಕಾರಣಿಗಳು, ಸೇನಾಧಿಕಾರಿಗಳು ಸೇರಿ ಹುಡುಗರನ್ನ ಹಿಂಸಿಸಿದ್ರು, ಕೊಂದ್ರು ಅಂದ. ಹಿರಿಯ ಪೊಲೀಸ್ ಅಧಿಕಾರಿಯೊಬ್ಬ ಟಿವಿ ಮುಂದೆ ನಿಂತು ಅದು ನಂಬಲರ್ಹ, ನಿಜ ಅಂದ್ಬಿಟ್ಟ, ತನಿಖೆ ಮುಗಿಯೋ ಮೊದಲೇ! ವಿರೋಧ ಪಕ್ಷದ ಸಂಸದ ಟಾಮ್ ವಾಟ್ಸನ್ ಒತ್ತಡ ಹಾಕ್ತಿದ್ರು. 90 ದಾಟಿದ ಫೀಲ್ಡ್ ಮಾರ್ಷಲ್ ಬ್ರಾಮಲ್ ಮನೆ ಶೋಧಿಸಿದ್ರು. ಮಾಜಿ ಸಂಸದ ಹಾರ್ವಿ ಪ್ರಾಕ್ಟರ್ ಕೆಲಸ, ಮನೆ ಎರಡೂ ಕಳ್ಕೊಂಡ್ರು. ಎಲ್ಲ ಹಸಿ ಸುಳ್ಳು. 2019ರಲ್ಲಿ ಬೀಚ್‌ಗೆ 18 ವರ್ಷ ಜೈಲಾಯ್ತು. ವೆಸ್ಟ್‌ಮಿನ್‌ಸ್ಟರ್‌ನಲ್ಲಿ, ಅಂದ್ರೆ ಬ್ರಿಟನ್ ಸಂಸತ್ತಿನ ವಲಯದಲ್ಲಿ, ಅಂಥ ಸಂಘಟಿತ ಜಾಲ ಇತ್ತು ಅನ್ನೋದಕ್ಕೆ ಪುರಾವೆ ಇಲ್ಲ ಅಂತ @ಮಧ್ಯಾಹ್ನದ_ಚಂದ್ರ ಹೇಳಿದ ಅದೇ 2020ರ ವರದಿ ಹೇಳುತ್ತೆ. ಅದನ್ನ ಯಾಕೆ ಬಿಟ್ರಿ?

ನಿಮ್ಮ "ಅಣ್ಣ"ನ ಮೇಲೂ ಪಕ್ಷದೊಳಗಿನ ಯಾರೋ ಹಗೆ ತೀರಿಸ್ಕೊಳ್ತಿಲ್ಲ ಅಂತ ಏನು ಗ್ಯಾರಂಟಿ?

ಸುಮ್ನೆ_ಓದುವವ:
ಬಂತು ನೋಡಿ "ಏನು ಗ್ಯಾರಂಟಿ".

ಮಧ್ಯಾಹ್ನದ_ಚಂದ್ರ:
ಬಿಟ್ಟಿದ್ದು ತಪ್ಪು, ಒಪ್ಪಿದೆ. ಜಾಲ ಇರಲಿಲ್ಲ ಅಂದ ವರದಿಯೇ, ಪಕ್ಷಗಳು ಮಕ್ಕಳಿಗಿಂತ ತಮ್ಮ ಮರ್ಯಾದೆ ನೋಡಿಕೊಂಡ್ವು ಅಂತಲೂ ಹೇಳಿದೆ. ಎರಡೂ ಒಂದೇ ಪುಸ್ತಕದಲ್ಲಿವೆ. ನಾವು ನಮಗೆ ಬೇಕಾದ ಪುಟ ಓದ್ತೀವಿ.

ಕೋಟು_ಬಿಚ್ಚಿಟ್ಟ_ವಕೀಲೆ:
@ಎರಡು_ಕಡೆ_ನೋಡಿ ನಿಮ್ಮನ್ನ ಬೈಯಲ್ಲ, ಬೀಚ್ ಪ್ರಕರಣ ಎತ್ತಲೇಬೇಕಾದ್ದು. ಆದರೆ ನೀವು ಅದರಿಂದ ತೆಗೆದ ಪಾಠ ತಪ್ಪು. ಅಲ್ಲೂ ಆದದ್ದು ಇದೇ ರೋಗ. ಇಲ್ಲಿ "ನಮ್ಮವನು, ಹಾಗಾಗಿ ಸುಳ್ಳು". ಅಲ್ಲಿ "ಅವರವನು, ಹಾಗಾಗಿ ನಿಜ". ದೂರಿನಲ್ಲಿ ಏನಿದೆ ಅಂತ ಎರಡೂ ಕಡೆ ಯಾರೂ ತಣ್ಣಗೆ ನೋಡಲಿಲ್ಲ.

ದೂರು ಕೊಡೋದು ಅಂದ್ರೆ ತೀರ್ಪು ಕೊಡೋದಲ್ಲ. ಅಣ್ಣ ನಿರಪರಾಧಿ ಆಗಿದ್ದರೆ ಅದನ್ನ ಹೇಳಬೇಕಾದ್ದು ಅವರ ಋಣದಲ್ಲಿ ಇಲ್ಲದವರು. ಅಧ್ಯಕ್ಷರ ಕ್ಲೀನ್ ಚಿಟ್ ನಾಳೆ ಅಣ್ಣನಿಗೇ ಉಪಯೋಗಕ್ಕೆ ಬರಲ್ಲ. ತನಿಖೆ ಮುಗಿಯೋ ತನಕ ಅವರನ್ನ ಮಕ್ಕಳಿಂದ ದೂರ ಇಡೋದು ಶಿಕ್ಷೆಯೂ ಅಲ್ಲ.

ಎರಡು_ಕಡೆ_ನೋಡಿ:
ಸರಿ, ಅಷ್ಟು ಒಪ್ತೀನಿ. ಆದ್ರೆ ಸುದ್ದಿ ಸೋರಿದ್ರೆ ಆ ಮನುಷ್ಯನ ಕಥೆ ಮುಗೀತು, ಅದನ್ನೂ ಒಪ್ಪಿ.

ಕೋಟು_ಬಿಚ್ಚಿಟ್ಟ_ವಕೀಲೆ:
ಒಪ್ಪಿದೆ. ಅದಕ್ಕೇ ಪೊಲೀಸ್ ಠಾಣೆ ಅಂದೆ, ಫೇಸ್‌ಬುಕ್ ಲೈವ್ ಅನ್ನಲಿಲ್ಲ.

ಪುಸ್ತಕದ_ಹುಳು_9:
ಪಕ್ಷಕ್ಕಲ್ಲದೆ ವಿಚಾರಕ್ಕೆ ತೋರಿಸೋ ನಿಷ್ಠೆ ಇನ್ನೂ ಅಪಾಯ. ಬರ್ಲಿನ್ನಿನ ಹೆಲ್ಮುಟ್ ಕೆಂಟ್ಲರ್ ಕೇಳಿದ್ದೀರಾ? ಮನಶ್ಶಾಸ್ತ್ರಜ್ಞ, ಹೊಸ ಕಾಲದ ಲೈಂಗಿಕ ಶಿಕ್ಷಣದ ದೊಡ್ಡ ಹೆಸರು. 1960ರ ದಶಕದ ಕೊನೆಯಿಂದ, ಬೀದಿಯಲ್ಲಿದ್ದ ಹುಡುಗರನ್ನ ಸಾಕೋಕೆ ಅಂತ ಕೊಟ್ಟದ್ದು ಯಾರ ಮನೆಗೆ? ಮಕ್ಕಳ ಮೇಲೆ ದೌರ್ಜನ್ಯ ಮಾಡಿ ಶಿಕ್ಷೆ ಆದವರ ಮನೆಗೆ. ಕದ್ದು ಮುಚ್ಚಿ ಅಲ್ಲ, ನಗರದ ಯುವಜನ ಇಲಾಖೆಗೆ ಗೊತ್ತಿದ್ದೇ. "ಪ್ರಯೋಗ" ಅಂತ ಕರೆದ್ರು. ಹಿಲ್ಡೆಸ್‌ಹೈಮ್ ವಿಶ್ವವಿದ್ಯಾಲಯದವರು 2020ರಲ್ಲಿ ವರದಿ ಕೊಟ್ಟಾಗ ಗೊತ್ತಾಯ್ತು, ಇದು ಒಬ್ಬ ಹುಚ್ಚನ ಕೆಲಸ ಅಲ್ಲ, ಸಂಸ್ಥೆಗಳ ಜಾಲವೇ ಅದನ್ನ ಹೊತ್ತು ನಡೆದಿತ್ತು. ಒಬ್ಬ ಅಂಥ ಸಾಕುತಂದೆಯ ಮನೆಯಲ್ಲಿ 2003ರವರೆಗೂ ಮಕ್ಕಳಿದ್ರು.

ಯಾರೂ ಪ್ರಶ್ನೆ ಕೇಳಲಿಲ್ಲ, ಯಾಕಂದ್ರೆ ಪ್ರಶ್ನೆ ಕೇಳಿದವನು ಹಳೇ ಕಾಲದವನು ಅನ್ನಿಸ್ಕೊಳ್ತಿದ್ದ.

ಜರ್ಮನಿಯ ಗ್ರೀನ್ಸ್ ಪಕ್ಷವೂ 1980ರ ದಶಕದಲ್ಲಿ ಇಂಥ ವಾದ ಮಾಡೋರಿಗೆ ಒಳಗೆ ಜಾಗ ಕೊಟ್ಟಿತ್ತು. ಆಮೇಲೆ ಅವರೇ ಹೊರಗಿನ ವಿದ್ವಾಂಸರಿಗೆ ಕಡತ ಬಿಚ್ಚಿಟ್ಟು ತನಿಖೆ ಮಾಡಿಸಿದ್ರು, ಕ್ಷಮೆ ಕೇಳಿದ್ರು. ತಡ ಆದ್ರೂ, ಕಡತ ಹೊರಗಿನವರ ಕೈಗೆ ಕೊಟ್ಟಿದ್ದು ದೊಡ್ಡದು ಅಂತ ನನ್ನ ಅನಿಸಿಕೆ.

ಕಡ್ಡಿ_ಗೀರೋನು:
ಮತ್ತೆ ಎಡಪಂಥ. ನಾನು ಏನೂ ಹೇಳಿಲ್ಲಪ್ಪ.

ತೆಂಕಣಗಾಳಿ:
@ಕಡ್ಡಿ_ಗೀರೋನು ಹಾಗಾದ್ರೆ ಉತ್ತರ ಪ್ರದೇಶದ ಉನ್ನಾವೊ ಹೇಳಲಾ? 2017ರಲ್ಲಿ ಶಾಸಕನ ಮೇಲೆ ಅತ್ಯಾಚಾರದ ದೂರು ಕೊಟ್ಟ ಹುಡುಗಿ 2018ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ಮನೆ ಮುಂದೆ ಬೆಂಕಿ ಹಚ್ಕೊಳ್ಳೋಕೆ ಹೋಗಬೇಕಾಯ್ತು, ಅವಳ ಅಪ್ಪ ನ್ಯಾಯಾಂಗ ಬಂಧನದಲ್ಲಿ ಸತ್ತ ಮೇಲೆ ಆರೋಪಿ ಶಾಸಕನ ಬಂಧನ ಆಯ್ತು. ಪಕ್ಷ ಅವನನ್ನ ಹೊರಹಾಕಿದ್ದು 2019ರ ಆಗಸ್ಟಲ್ಲಿ. ಡಿಸೆಂಬರಲ್ಲಿ ದೆಹಲಿ ಕೋರ್ಟು ಅಪರಾಧಿ ಅಂತು. ಜಮ್ಮುವಿನ ಕಠುವಾ ಬೇಕಾ? 8 ವರ್ಷದ ಮಗುವಿನ ಅತ್ಯಾಚಾರ, ಕೊಲೆ, ಆರೋಪಿಗಳ ಪರ ರ‍್ಯಾಲಿ, ಅದರಲ್ಲಿ ಇಬ್ಬರು ಮಂತ್ರಿಗಳು. ವಕೀಲರು ಚಾರ್ಜ್‌ಶೀಟ್ ಸಲ್ಲಿಸೋಕೇ ಅಡ್ಡಿ ಮಾಡಿದ್ರು. ವಿಚಾರಣೆನ ಬೇರೆ ರಾಜ್ಯಕ್ಕೆ, ಪಠಾಣ್‌ಕೋಟ್‌ಗೆ ಸುಪ್ರೀಂ ಕೋರ್ಟ್ ಕಳಿಸಬೇಕಾಯ್ತು.

ಕಡ್ಡಿ_ಗೀರೋನು:
ಅದು ಬೇರೆ ವಿಷಯ.

ಎಮ್ಮಿ_ಕಾಯಾವ:
ಹೌದ್ರಿ. ನಮ್ಮದು ಯಾವಾಗ್ಲೂ ಬ್ಯಾರೆ ವಿಷಯನ ಇರ್ತದ.

ರಾತ್ರಿಪಾಳಿ:
ನಾನು ಆರು ವರ್ಷ ಒಂದು ಮಕ್ಕಳ ನಿಲಯದಲ್ಲಿ ರಾತ್ರಿ ಪಾಳಿ ಮಾಡಿದ್ದೀನಿ. ದೇಶ, ಹೆಸರು ಬೇಡ. ಕಾರ್ಯದರ್ಶಿ ಆಳೋ ಪಕ್ಷದವರು. ತಪಾಸಣೆಗೆ ಬರೋ ಸಮಿತಿಯಲ್ಲಿದ್ದೋರು ಅದೇ ಪಕ್ಷ ನೇಮಿಸಿದೋರು. ಬರೋ ದಿನ ಮೊದಲೇ ಗೊತ್ತಾಗ್ತಿತ್ತು. ಕಚೇರಿಯಲ್ಲಿ ಕೂತು ರಿಜಿಸ್ಟರ್‌ಗೆ ಸಹಿ ಹಾಕಿ, ಒಂದು ಗ್ರೂಪ್ ಫೋಟೋ ತೆಗೆಸ್ಕೊಂಡು ಹೋಗೋರು. ಮಕ್ಕಳ ಕೋಣೆ ಕಡೆ ತಲೆ ಹಾಕಿದ್ದು ನಾನು ನೋಡಿಲ್ಲ.

ಒಂದು ರಾತ್ರಿ ಒಬ್ಬ ಹುಡುಗಿ ಅಳ್ತಾ ಕೂತಿದ್ಲು. ಏನಾಯ್ತು, ನನಗೆ ಹೇಳೋಕಾಗದಿದ್ರೆ ತಪಾಸಣೆಗೆ ಬರ್ತಾರಲ್ಲ ಅವರಿಗಾದ್ರೂ ಹೇಳು ಅಂದೆ. ಕಚೇರಿ ಗೋಡೆ ಕಡೆ ಬೆರಳು ತೋರಿಸಿದ್ಲು. ಅಲ್ಲಿ ಸಾಲಾಗಿ ಫೋಟೋ, ಪ್ರತಿಯೊಂದ್ರಲ್ಲೂ ಕಾರ್ಯದರ್ಶಿ ಪಕ್ಕ ಒಬ್ಬೊಬ್ಬ ದೊಡ್ಡ ಮನುಷ್ಯ. "ಎಲ್ಲಾರೂ ಅವರ ಪಕ್ಕಾನೇ ನಿಂತವ್ರಲ್ಲ ಅಕ್ಕ" ಅಂದ್ಲು. 12 ವರ್ಷ ಅವಳಿಗೆ.

ನಾವು ಆ ಫೋಟೋಗಳಿಗೆ ವಾರಕ್ಕೊಮ್ಮೆ ಧೂಳು ಹೊಡೀತಿದ್ವಿ.

ಸುಮ್ನೆ_ಓದುವವ:
🙏

ನಿವೃತ್ತ_ಮೇಷ್ಟ್ರು:
ತಾಯೀ, ಆಮೇಲೆ ಏನಾಯಿತು?

ರಾತ್ರಿಪಾಳಿ:
ಬರೆದು ಕೊಟ್ಟೆ. ಅವಳನ್ನ ಬೇರೆ ಕಡೆಗೆ ಕಳಿಸಿದ್ರು. ನನ್ನನ್ನೂ. ಇಷ್ಟೇ ಗೊತ್ತು ಮೇಷ್ಟ್ರೇ.

ಲೆಕ್ಕದ_ಮೇಡಂ:
ಇದೇ ಮುಜಫ್ಫರ್‌ಪುರದ ಕಥೆ ಅಲ್ವಾ. ಸಿಬಿಐ ಬಯಲಿಗೆಳೀತಲ್ಲ ಬಾಲಿಕಾಗೃಹ, 30 ಹುಡುಗಿಯರು.

ಕೋಟು_ಬಿಚ್ಚಿಟ್ಟ_ವಕೀಲೆ:
ಎರಡು ತಿದ್ದುಪಡಿ ಮೇಡಂ. 34 ಹುಡುಗಿಯರು. ಮತ್ತೆ ಬಯಲಿಗೆಳೆದದ್ದು ಸಿಬಿಐ ಅಲ್ಲ, ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡ. ಬಿಹಾರದ 110 ಆಶ್ರಯ ಸಂಸ್ಥೆಗಳ ಸಾಮಾಜಿಕ ಪರಿಶೋಧನೆ ಮಾಡಿ 2018ರ ಏಪ್ರಿಲ್ ಹೊತ್ತಿಗೆ ಸರ್ಕಾರಕ್ಕೆ ವರದಿ ಕೊಟ್ಟರು. ಸರ್ಕಾರಿ ತಪಾಸಣೆಗಳು ಅದಕ್ಕೂ ಮೊದಲು ನಡೆದೇ ಇದ್ದವು, ಯಾರ ಕಣ್ಣಿಗೂ ಏನೂ ಬಿದ್ದಿರಲಿಲ್ಲ. ಹೊರಗಿಂದ ಬಂದವರು ಮಕ್ಕಳ ಜೊತೆ ಕೂತು ಮಾತಾಡಿದ್ರು, ಕೇಳಿಸಿತು. ನಿಲಯ ನಡೆಸುತ್ತಿದ್ದ ಬ್ರಜೇಶ್ ಠಾಕೂರ್ ಪತ್ರಿಕೆಯನ್ನೂ ಇಟ್ಕೊಂಡಿದ್ದವನು. ರಾಜಕಾರಣಿಗಳಿಗೆ ಹತ್ತಿರದವನು. ಸಮಾಜ ಕಲ್ಯಾಣ ಸಚಿವೆಯ ಗಂಡನಿಗೆ ಅವನ ಜೊತೆ ಸಂಪರ್ಕ ಇತ್ತು ಅಂತ ಹೊರಬಂದ ಮೇಲೆ 2018ರ ಆಗಸ್ಟ್‌ನಲ್ಲಿ ಆಕೆ ರಾಜೀನಾಮೆ ಕೊಟ್ಟರು. ವಿಚಾರಣೆ ದೆಹಲಿಗೆ ಹೋಯಿತು. 2020ರ ಜನವರಿಯಲ್ಲಿ 19 ಮಂದಿ ಅಪರಾಧಿಗಳು ಅಂತ ತೀರ್ಪು, ಠಾಕೂರ್‌ಗೆ ಬದುಕಿರೋವರೆಗೂ ಜೈಲು.

ಲೆಕ್ಕದ_ಮೇಡಂ:
ಹೆಸರಲ್ಲಿ ಲೆಕ್ಕ ಇಟ್ಕೊಂಡು ಲೆಕ್ಕ ತಪ್ಪಿದೆ 😅 ಥ್ಯಾಂಕ್ಸ್.

ಮಧ್ಯಾಹ್ನದ_ಚಂದ್ರ:
ಯಾರೂ ಬೇಲಿ ಎದ್ದು ಹೊಲ ಮೇಯ್ದ ಗಾದೆ ಹೇಳದೆ ಇಷ್ಟು ದೂರ ಬಂದಿದ್ದೀವಿ. ದಾಖಲೆ.

ನಿವೃತ್ತ_ಮೇಷ್ಟ್ರು:
ಈಗ ತಾವೇ ಹೇಳಿದಿರಿ.

ಮಧ್ಯಾಹ್ನದ_ಚಂದ್ರ:
ಅಯ್ಯೋ.

ಪುಸ್ತಕದ_ಹುಳು_9:
ಸ್ವಲ್ಪ ಪಕ್ಕದ ದಾರಿ: ಅಸಹಾಯಕರನ್ನ ಮೊದಲೇ ಎಚ್ಚರ ವಹಿಸಿ ನೋಡ್ಕೊಳ್ಳೋದು ಇದೆಯಲ್ಲ, ಅನಾಹುತ ಆದ ಮೇಲಿನ "ರಕ್ಷಣೆ" ಅಲ್ಲ, ಅದಕ್ಕೆ ಕನ್ನಡದಲ್ಲಿ ಏನನ್ನೋದು? ಸಂರಕ್ಷಣೆ ಅಂದ್ರೆ ಹಳೇ ದೇವಸ್ಥಾನ ನೆನಪಾಗುತ್ತೆ. ಹಿತರಕ್ಷಣೆ ಅಂದ್ರೆ ಗ್ರಾಹಕರ ವೇದಿಕೆ.

ಎಮ್ಮಿ_ಕಾಯಾವ:
ಕಾಯೂದು. ಅದಕ್ಕ್ಯಾಕ ಸಂಸ್ಕೃತಕ್ಕ ಹೋಗ್ತೀರಿ? ನಾ ಎಮ್ಮಿ ಕಾಯ್ತೀನಿ, ಹೊಲ ಕಾಯ್ತೀನಿ. ಮಕ್ಕಳ್ನೂ ಕಾಯೂದ.

ಪುಸ್ತಕದ_ಹುಳು_9:
ಆದ್ರೆ ಕಾಯೋದು ಅಂದ್ರೆ ಬಸ್ಸಿಗೆ ಕಾಯೋದೂ ಹೌದಲ್ಲ, ಗೊಂದಲ ಆಗುತ್ತೆ.

ಎಮ್ಮಿ_ಕಾಯಾವ:
ಗೊಂದಲ ಅಧ್ಯಕ್ಷರಿಗೆ ಆಗೇದ. ಮಗೂನ್ನ ಕಾಯ್ರಿ ಅಂದ್ರ, ಚುನಾವಣಿ ಮುಗಿಯೂತನಕ ಕಾಯ್ರಿ ಅಂತಾರ.

ಲೆಕ್ಕದ_ಮೇಡಂ:
ಇದನ್ನ ಸ್ಕ್ರೀನ್‌ಶಾಟ್ ಇಟ್ಕೊಂಡೆ.

ದಕ್ಷಿಣಾಯನ:
ಮಕ್ಕಳ ಮಾತೇ ಆಯ್ತು. ದೊಡ್ಡವರಲ್ಲೂ ಬಾಯಿಲ್ಲದವರಿದ್ದಾರೆ. ನಾನು ಮಾನಸಿಕ ಆರೋಗ್ಯದ ಕ್ಷೇತ್ರದವನು, ಹಾಗಾಗಿ ಲೈಫ್ ಎಸಿಡಿಮೆನಿ ದುರಂತ ಮರೆಯೋಕಾಗಲ್ಲ. ದಕ್ಷಿಣ ಆಫ್ರಿಕಾದ ಗೌಟೆಂಗ್ ಪ್ರಾಂತ್ಯ. 2015–16ರಲ್ಲಿ ಖರ್ಚು ಉಳಿಸೋಕೆ ಅಂತ ಸಾವಿರಕ್ಕೂ ಹೆಚ್ಚು ಮಾನಸಿಕ ರೋಗಿಗಳನ್ನ ನುರಿತ ಆರೈಕೆ ಕೇಂದ್ರದಿಂದ ಎಬ್ಬಿಸಿ, ಪರವಾನಗಿಯೇ ಸರಿ ಇಲ್ಲದ ಸಂಸ್ಥೆಗಳಿಗೆ ತುಂಬಿದ್ರು. ಬೇಡಿ ಅಂತ ಮನೋವೈದ್ಯರು ಬರೆದು ಕೊಟ್ಟಿದ್ರು, ಕುಟುಂಬದವರು ಕೋರ್ಟಿಗೂ ಹೋಗಿದ್ರು. ಹಸಿವು, ನಿರ್ಜಲೀಕರಣ, ನಿರ್ಲಕ್ಷ್ಯಕ್ಕೆ 144 ಜನ ಸತ್ತರು. ವಿಚಾರಣೆಯಲ್ಲಿ ಅಧಿಕಾರಿಗಳು ಏನಂದ್ರು ಗೊತ್ತಾ? ಮಂತ್ರಿಗೆ ಇಲ್ಲ ಅನ್ನೋಕೆ ಭಯ ಆಗ್ತಿತ್ತು.

ಅದಕ್ಕಿಂತ ಹೊಟ್ಟೆ ಉರಿಸಿದ್ದು ಮುಂದಿನದು. 2018ರ ಮಾರ್ಚಿನಲ್ಲಿ ನಿವೃತ್ತ ನ್ಯಾಯಮೂರ್ತಿ ಮೊಸೆನೆಕೆ ತೀರ್ಪು ಕೊಟ್ರು. ಕೆಲವೇ ತಿಂಗಳಲ್ಲಿ ಆ ಮಾಜಿ ಆರೋಗ್ಯ ಮಂತ್ರಿಯನ್ನ ಪಕ್ಷದ ಪ್ರತಿನಿಧಿಗಳು ಪ್ರಾಂತ್ಯದ ಕಾರ್ಯಕಾರಿ ಸಮಿತಿಗೆ ಓಟು ಹಾಕಿ ಆರಿಸಿದ್ರು. ಯಾರೂ ಬಲವಂತ ಮಾಡಿರಲಿಲ್ಲ. ಜನ ಉಗಿದ ಮೇಲೆ ಆಕೆ ಪಕ್ಕಕ್ಕೆ ಸರಿದದ್ದು.

ನಾಯಕರನ್ನ ಬೈಯೋದು ಸುಲಭ. ಆ ಓಟು ಹಾಕಿದವರು ನನ್ನ ನಿಮ್ಮ ಥರದ ಬ್ಯಾನರ್ ಕಟ್ಟೋ ಜನ.

ನೇರಾನೇರ:
ಪಕ್ಷದೊಳಗೇ ವಿಚಾರಣಾ ಸಮಿತಿ ಮಾಡಿದ್ರೆ ಆಗಲ್ವಾ? ಎಲ್ಲದಕ್ಕೂ ಪೊಲೀಸು ಅಂದ್ರೆ ಬಡ ಕುಟುಂಬ ಬರೋದೇ ಇಲ್ಲ.

ತೆಂಕಣಗಾಳಿ:
ಬ್ರಿಟನ್ನಿನ ಸೋಷಿಯಲಿಸ್ಟ್ ವರ್ಕರ್ಸ್ ಪಾರ್ಟಿ ಹಾಗೆ ಮಾಡಿತ್ತು. ಹಿರಿಯ ನಾಯಕನ ಮೇಲೆ ಅತ್ಯಾಚಾರದ ಆರೋಪ, ವಿಚಾರಿಸಿದ್ದು ಅವನನ್ನ ವರ್ಷಗಟ್ಟಲೆ ಬಲ್ಲ ಸಂಗಾತಿಗಳೇ ಇದ್ದ ಸಮಿತಿ. ಸಾಬೀತಾಗಿಲ್ಲ ಅಂದ್ರು. 2013ರಲ್ಲಿ ಅದು ಹೊರಬಂದು ನೂರಾರು ಜನ ಪಕ್ಷ ಬಿಟ್ರು. ಆರೋಪ ನಿಜವೋ ಸುಳ್ಳೋ, ಆ ಸಮಿತಿಯಿಂದ ಇಬ್ಬರಿಗೂ ನ್ಯಾಯ ಸಿಕ್ಕಿರೋಕೆ ಸಾಧ್ಯವಿಲ್ಲ.

ನೇರಾನೇರ:
ಹ್ಮ್. ಬಡವರು ಠಾಣೆಗೆ ಹೆದರ್ತಾರೆ ಅನ್ನೋದು ಮಾತ್ರ ಹಾಗೇ ಉಳೀತು.

ರಾತ್ರಿಪಾಳಿ:
ಉಳಿಯುತ್ತೆ. ಅದಕ್ಕೆ ಜೊತೆಗೊಬ್ಬರು ಹೋಗಬೇಕು. ಅಷ್ಟೇ ಉಪಾಯ ನನಗೆ ಗೊತ್ತಿರೋದು.

ಬ್ಯಾನರ್_ಕಟ್ಟೋನು:
ಮೂರು ದಿನ ಆಯ್ತು, ತಡವಾಗಿ ಬರ್ತಿದ್ದೀನಿ. ದೂರು ಕೊಟ್ಟಾಯ್ತು. ಆ ತಾಯಿ ಗಟ್ಟಿ ಹೆಂಗಸು, ನನ್ನ ಕೈಯೇ ನಡುಗ್ತಿತ್ತು. ಮಗಳ ಹತ್ರ ಮಾತಾಡೋಕೆ ಮಫ್ತಿಯಲ್ಲಿ ಮಹಿಳಾ ಅಧಿಕಾರಿ ಮನೆಗೇ ಬಂದಿದ್ರಂತೆ. ಏನು ಹೇಳಿದ್ಲೋ ನನಗೆ ಗೊತ್ತಿಲ್ಲ, ಕೇಳೋದೂ ಇಲ್ಲ. ಫೋನ್ ತಗೊಂಡು ಹೋಗಿದ್ದಾರೆ.

ಘಟಕದ ವಾಟ್ಸಾಪ್ ಗುಂಪಿಂದ ನನ್ನನ್ನ ತೆಗೆದ್ರು. ತೆಗೆಯೋ ಮುಂಚೆ ಒಬ್ಬ ಹಾಕಿದ್ದ: "ಎಷ್ಟಕ್ಕೆ ಮಾರಿಕೊಂಡೆ?" 11 ವರ್ಷ ಒಟ್ಟಿಗೆ ಗೋಡೆ ಬರಹ ಬರೆದೋನು ಅವನು. ಅಧ್ಯಕ್ಷರು ಫೋನ್ ಎತ್ತುತ್ತಿಲ್ಲ. ಎದುರು ಪಕ್ಷದೋರು ಮಾತ್ರ ಅವರಾಗೇ ಫೋನ್ ಮಾಡ್ತಿದ್ದಾರೆ, ಪ್ರೆಸ್ ಮೀಟ್ ಮಾಡೋಣ ಬನ್ನಿ ಅಂತ. ಆಗಲ್ಲ ಅಂದೆ. "ಹಾಗಾದ್ರೆ ಮಗು ಹೆಸರಾದ್ರೂ ಹೇಳಿ" ಅಂದ್ರು.

ನಿವೃತ್ತ_ಮೇಷ್ಟ್ರು:
ಥೂ.

ಎಮ್ಮಿ_ಕಾಯಾವ:
ಭಾಳ ಚಲೋ ಮಾಡ್ದಿ ತಮ್ಮಾ. ಊಟ ಮಾಡು, ಮಕ್ಕೋ.

ಹಳೇ_ಟೈಪಿಸ್ಟ್:
ಆ ಪಾಠದ ಕ್ಲಾಸು ಏನಾಯ್ತು? ಉಳಿದ ಮಕ್ಕಳು?

ಬ್ಯಾನರ್_ಕಟ್ಟೋನು:
ನಿಂತಿದೆ. ಕೆಲವು ತಂದೆ ತಾಯಿ ನನ್ನನ್ನೇ ಬೈದ್ರು, ಇದ್ದ ಪಾಠವೂ ಹೋಯ್ತಲ್ಲ ಅಂತ. ಅವರದ್ದೇನು ತಪ್ಪು.

ಹೊಸಬ_ಇವತ್ತೇ_ಸೇರಿದ್ದು:
ಪೂರ್ತಿ ಓದಿಲ್ಲ, ಉದ್ದ ಇದೆ. ಯಾವ ಪಕ್ಷ ಇದು?

ಮಾಡರೇಟರ್:
ಅಳಿಸಬೇಕಿತ್ತು. ಮೇಲಿನ ಮೂರರ ಜೊತೆ ಇದೂ ಇರಲಿ.

ಕೋಟು_ಬಿಚ್ಚಿಟ್ಟ_ವಕೀಲೆ:
@ಬ್ಯಾನರ್_ಕಟ್ಟೋನು ಇನ್ನು ನಿಮ್ಮ ಹೇಳಿಕೆ ತಗೋತಾರೆ. ಆ ತಾಯಿ ಬಂದು ಹೇಳಿದ ದಿನದಿಂದ ಎಲ್ಲ ತಾರೀಖು ಸಮೇತ ಬರೆದಿಟ್ಟುಕೊಳ್ಳಿ. ಯಾರು ಏನಂದ್ರು, ಯಾವಾಗ, ಎಲ್ಲ. ಗುಂಪಿನ ಮೆಸೇಜುಗಳ ಸ್ಕ್ರೀನ್‌ಶಾಟ್ ಇದ್ರೆ ಅಳಿಸಬೇಡಿ.

ಬ್ಯಾನರ್_ಕಟ್ಟೋನು:
ಒಂದು ನೋಟ್‌ಬುಕ್ಕಲ್ಲಿ ಬರೀತಿದ್ದೀನಿ ಮೇಡಂ. ತಾಯಿ ಬಂದ ದಿನ ಇದೆ, ಅಧ್ಯಕ್ಷರ ಹತ್ರ ಹೋದ ದಿನ ಇದೆ. ಆಮೇಲೆ ಹತ್ತು ದಿನ ಬರೆಯೋಕೆ ಏನೂ ಇಲ್ಲ. ಅದನ್ನ ಖಾಲಿ ಬಿಡಲಾ?

ಕೋಟು_ಬಿಚ್ಚಿಟ್ಟ_ವಕೀಲೆ:
ಬಿಡಬೇಡಿ. ಆ ಹತ್ತು ದಿನ ಏನು ಮಾಡ್ತಿದ್ರಿ ಅಂತ ಬರೀರಿ. ಅದನ್ನ ಕೇಳೇ ಕೇಳ್ತಾರೆ.

ಬ್ಯಾನರ್_ಕಟ್ಟೋನು:
ಬ್ಯಾನರ್ ಕಟ್ತಿದ್ದೆ.